14,000 ಪೌಂಡಿನ ಫಿಫ್ತ್ ವೀಲ್ ಕ್ಯಾಂಪರ್‌ಗೆ ನಮ್ಮ ಮುಕ್ಕಾಲು ಟನ್ ಟ್ರಕ್ ಸಾಕಾಗುತ್ತದೆಯೇ?

ಹಾಸನದವ, ಡಲ್ಲಾಸ್

ಎಲ್ಲರಿಗೂ ನಮಸ್ಕಾರ. ಮುಂದಿನ ಬೇಸಿಗೆಯಲ್ಲಿ ಹಾಸನದಿಂದ ನನ್ನ ಅಪ್ಪ, ಅಮ್ಮ ಬರುತ್ತಿದ್ದಾರೆ. ಅವರನ್ನೂ ಮಕ್ಕಳನ್ನೂ ಕರೆದುಕೊಂಡು ಕೊಲೊರಾಡೊ, ವಯೋಮಿಂಗ್ ಕಡೆಗೆ ಆರು ವಾರ ಹೋಗಿಬರಬೇಕೆಂಬುದು ನಮ್ಮ ಬಹಳ ದಿನಗಳ ಆಸೆ. ಅಮ್ಮನಿಗೆ ಮಂಡಿನೋವಿದೆ, ಹೊರಗಿನ ಊಟ ಇಬ್ಬರಿಗೂ ಒಗ್ಗುವುದಿಲ್ಲ. ಆದ್ದರಿಂದ ಅಡುಗೆಮನೆ, ಬಚ್ಚಲುಮನೆ, ಎರಡು ಮಲಗುವ ಕೋಣೆಗಳಿರುವ ಸುಮಾರು 36 ಅಡಿಯ ಫಿಫ್ತ್ ವೀಲ್ ಕ್ಯಾಂಪರ್ (ಪಿಕಪ್ ಟ್ರಕ್ಕಿಗೆ ಕಟ್ಟಿ ಎಳೆಯುವ ಚಕ್ರದ ಮನೆ) ಒಂದನ್ನು ನೋಡಿ ಬಂದಿದ್ದೇವೆ. ಅದರ ಖಾಲಿ ತೂಕ 11,200 ಪೌಂಡ್, ಗರಿಷ್ಠ ತೂಕ 13,995 ಪೌಂಡ್ ಎಂದು ಫಲಕದಲ್ಲಿದೆ.

ನಮ್ಮಲ್ಲಿರುವುದು ಮುಕ್ಕಾಲು ಟನ್ ವರ್ಗದ, ಅಂದರೆ 2500 ಎಂದು ಕರೆಯುವ ದರ್ಜೆಯ, ಡೀಸೆಲ್ ಪಿಕಪ್. ನಾಲ್ಕು ಬಾಗಿಲು, ಆರೂವರೆ ಅಡಿಯ ಬೆಡ್, ಅಂದರೆ ಹಿಂದಿನ ತೆರೆದ ಸಾಮಾನಿನ ಭಾಗ. ಈ ಟ್ರಕ್ 18,000 ಪೌಂಡಿನವರೆಗೆ ಎಳೆಯುತ್ತದೆ, 14,000 ಯಾವ ಲೆಕ್ಕಕ್ಕೂ ಇಲ್ಲ ಎಂದು ಕ್ಯಾಂಪರ್ ಮಾರುವವರು ಭರವಸೆ ಕೊಟ್ಟಿದ್ದಾರೆ. ಮುಂಗಡ ಹಣ ಕೊಡುವ ಮೊದಲು ಅನುಭವಿಗಳನ್ನು ಕೇಳೋಣ ಎನ್ನಿಸಿತು. ಇನ್ನೊಂದು ಪ್ರಶ್ನೆಯೂ ಇದೆ: ದಾರಿಯಲ್ಲಿ ಅಪ್ಪ, ಅಮ್ಮ ಕ್ಯಾಂಪರ್ ಒಳಗಿನ ಸೋಫಾದಲ್ಲಿ ಕುಳಿತು ಬರಬಹುದೇ?

ಮಂಡ್ಯದವ, ಡೆನ್ವರ್

ಹಾಸನದ ಮಿತ್ರರೇ, ಹಣ ಕೊಡುವ ಮೊದಲು ಕೇಳಿದ್ದು ಬಹಳ ಒಳ್ಳೆಯದಾಯಿತು. ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ: ಬೇಡ. ಕೆಲವು ರಾಜ್ಯಗಳ ಕಾನೂನು ಫಿಫ್ತ್ ವೀಲ್ ಒಳಗೆ ಜನರು ಕುಳಿತಿರಲು ಅವಕಾಶ ಕೊಡುತ್ತದೆ, ನಿಜ. ಆದರೆ ಆ ಸೋಫಾಕ್ಕೆ ಸೀಟ್ ಬೆಲ್ಟ್ ಇಲ್ಲ, ಗೋಡೆಗಳು ತೆಳು ಹಲಗೆಯವು, ಮೇಲಿನ ಕಪಾಟಿನ ಪಾತ್ರೆಗಳು ಒಂದು ಗಟ್ಟಿ ಬ್ರೇಕಿಗೆ ತಲೆಯ ಮೇಲೆ ಬರುತ್ತವೆ. ಹಿರಿಯರು ಟ್ರಕ್ಕಿನಲ್ಲೇ ಕುಳಿತುಕೊಳ್ಳಲಿ.

ಇನ್ನು ಮುಖ್ಯ ವಿಷಯ. ಮಾರುವವರು ಹೇಳಿದ 18,000 ಸುಳ್ಳಲ್ಲ, ಆದರೆ ಅದು ನಿಮ್ಮ ಪ್ರಶ್ನೆಗೆ ಉತ್ತರವೂ ಅಲ್ಲ. ಆ ಸಂಖ್ಯೆ ಟ್ರಕ್ ಎಷ್ಟು ಎಳೆಯಬಲ್ಲದು ಎಂದು ಹೇಳುತ್ತದೆ. ನಿಮಗೆ ಬೇಕಾದದ್ದು ಟ್ರಕ್ ತನ್ನ ಬೆನ್ನ ಮೇಲೆ ಎಷ್ಟು ಹೊರಬಲ್ಲದು ಎಂಬುದು. ಸಾಮಾನ್ಯ ಟ್ರೇಲರ್ ಬಂಪರ್‌ನ ಹಿಂದೆ ಚೆಂಡಿನಾಕಾರದ ಕೊಂಡಿಗೆ ತಗಲಿಕೊಳ್ಳುತ್ತದೆ. ಅದರ ತೂಕದಲ್ಲಿ ಶೇಕಡಾ 10ರಿಂದ 15 ಮಾತ್ರ ಟ್ರಕ್ಕಿನ ಮೇಲೆ ಬೀಳುತ್ತದೆ. ಫಿಫ್ತ್ ವೀಲ್ ಹಾಗಲ್ಲ. ಅದರ ಮೂತಿಯಿಂದ ಕೆಳಕ್ಕಿಳಿದ ಎರಡು ಇಂಚು ದಪ್ಪದ ಕಿಂಗ್ ಪಿನ್ ಟ್ರಕ್ಕಿನ ಬೆಡ್‌ನೊಳಗೆ, ಹಿಂದಿನ ಆಕ್ಸಲ್‌ನ ನೆತ್ತಿಗೆ ಅಥವಾ ಸ್ವಲ್ಪ ಮುಂದಕ್ಕೆ ಕೂರುತ್ತದೆ. ಅದಕ್ಕೇ ಅದು ರಸ್ತೆಯಲ್ಲಿ ಬಾಲ ಅಲ್ಲಾಡಿಸದೆ ನೆಟ್ಟಗೆ ಬರುತ್ತದೆ, ಅದಕ್ಕೇ ದೊಡ್ಡ ಕ್ಯಾಂಪರ್‌ಗಳಿಗೆ ಈ ಕ್ರಮವನ್ನು ಆರಿಸುತ್ತಾರೆ. ಆದರೆ ಆ ಸ್ಥಿರತೆಗೆ ಬೆಲೆಯೂ ಇದೆ: ಕ್ಯಾಂಪರ್ ತೂಕದ ಶೇಕಡಾ 15ರಿಂದ 25, ಸಾಮಾನ್ಯವಾಗಿ 20ರ ಆಸುಪಾಸು, ನೇರವಾಗಿ ಟ್ರಕ್ಕಿನ ಮೇಲೆ ಕೂರುತ್ತದೆ.

ನಮ್ಮೂರಿನಲ್ಲಿ ಎತ್ತಿನಗಾಡಿಗೆ ಹುಲ್ಲು ಹೇರುವವರು ಮುಂಭಾರ, ಹಿಂಭಾರ ನೋಡದೆ ಒಂದು ಹೊರೆಯನ್ನೂ ಏರಿಸುತ್ತಿರಲಿಲ್ಲ. ಹಿಂಭಾರವಾದರೆ ನೊಗ ಮೇಲೆದ್ದು ಎತ್ತಿನ ಕೊರಳಿನ ಹಗ್ಗ ಬಿಗಿಯುತ್ತದೆ, ಮುಂಭಾರವಾದರೆ ಹೆಗಲು ಹುಣ್ಣಾಗುತ್ತದೆ. ಇಲ್ಲಿಯೂ ಅದೇ ಲೆಕ್ಕ. ಪಿನ್ ಮೇಲಿನ ಭಾರ ತೀರಾ ಕಡಿಮೆಯಾದರೆ ಕ್ಯಾಂಪರ್ ಸ್ಥಿರತೆ ಕಳೆದುಕೊಳ್ಳುತ್ತದೆ, ಹೆಚ್ಚಾದರೆ ಟ್ರಕ್ಕಿನ ಹಿಂದಿನ ಆಕ್ಸಲ್, ಸ್ಪ್ರಿಂಗ್, ಟಯರ್ ಸೋಲುತ್ತವೆ.

ಈಗ ಒಂದು ಕೆಲಸ ಮಾಡಿ. ಚಾಲಕನ ಬಾಗಿಲು ತೆರೆದು ಕಂಬದ ಮೇಲಿರುವ ಹಳದಿ ಬಣ್ಣದ ಚೀಟಿಯನ್ನು ಓದಿ. ಜನ ಮತ್ತು ಸಾಮಾನು ಸೇರಿ ಇಷ್ಟು ಪೌಂಡ್ ಮೀರಬಾರದು ಎಂದು ಅದರಲ್ಲಿ ಬರೆದಿರುತ್ತದೆ. ಜಾಹೀರಾತಿನ ಸಂಖ್ಯೆ ಆ ಮಾದರಿಯ ಅತ್ಯಂತ ಹಗುರವಾದ ಟ್ರಕ್ಕಿನದು. ಈ ಚೀಟಿ ನಿಮ್ಮ ಟ್ರಕ್ಕಿನದು. ಆ ಸಂಖ್ಯೆಯನ್ನು ಇಲ್ಲಿ ಬರೆಯಿರಿ.

ಹಾಸನದವ, ಡಲ್ಲಾಸ್

ಮಂಡ್ಯದ ಅಣ್ಣನವರಿಗೆ ಧನ್ಯವಾದ. ಈಗಷ್ಟೇ ಹೋಗಿ ನೋಡಿ ಬಂದೆ. ಚೀಟಿಯಲ್ಲಿರುವುದು 2,180 ಪೌಂಡ್. ಇಷ್ಟು ದೊಡ್ಡ ಡೀಸೆಲ್ ಟ್ರಕ್ಕಿಗೆ ಇಷ್ಟು ಕಡಿಮೆಯೇ ಎಂದು ಆಶ್ಚರ್ಯವಾಯಿತು.

ಮಂಡ್ಯದವ, ಡೆನ್ವರ್

ಅದರ ಕಾರಣ ಸರಳ. ಮುಕ್ಕಾಲು ಟನ್ ಟ್ರಕ್ಕುಗಳಲ್ಲಿ ಬಹಳಷ್ಟಕ್ಕೆ ಒಟ್ಟು ತೂಕದ ಮಿತಿಯನ್ನು 10,000 ಪೌಂಡಿಗೆ ನಿಲ್ಲಿಸಿರುತ್ತಾರೆ, ಏಕೆಂದರೆ ಅದನ್ನು ದಾಟಿದರೆ ವಾಹನ ಮೇಲಿನ ವರ್ಗಕ್ಕೆ ಸೇರುತ್ತದೆ. ಡೀಸೆಲ್ ಎಂಜಿನ್ ಪೆಟ್ರೋಲ್ ಎಂಜಿನ್‌ಗಿಂತ ಭಾರ. ನಾಲ್ಕು ಬಾಗಿಲು, ನಾಲ್ಕು ಚಕ್ರದ ಚಾಲನೆ, ಚರ್ಮದ ಸೀಟು ಎಲ್ಲವೂ ಸೇರಿ ಟ್ರಕ್ಕೇ 7,800 ಪೌಂಡ್ ತೂಗಿದರೆ ಹೊರುವುದಕ್ಕೆ ಉಳಿಯುವುದು ಇಷ್ಟೇ. ಎಂಜಿನ್ ಬಲವಾದಷ್ಟೂ ಎಳೆಯುವ ಶಕ್ತಿ ಹೆಚ್ಚುತ್ತದೆ, ಹೊರುವ ಪಾಲು ಕಡಿಮೆಯಾಗುತ್ತದೆ.

ನಿಮ್ಮ ಲೆಕ್ಕವನ್ನು ಹಾಕೋಣ. ನೀವು ನಾಲ್ವರು ಸೇರಿ 450 ಪೌಂಡ್ ಎಂದು ಹಿಡಿಯೋಣ. ಬೆಡ್‌ನಲ್ಲಿ ಕೂತು ಪಿನ್ ಹಿಡಿಯುವ ಕೊಂಡಿ, ಅಂದರೆ ಹಿಚ್, 160, ಬೆಡ್‌ನಲ್ಲಿರುವ ಉಪಕರಣದ ಪೆಟ್ಟಿಗೆ ಇತ್ಯಾದಿ 120. ಒಟ್ಟು 730. 2,180ರಲ್ಲಿ ಅದನ್ನು ಕಳೆದರೆ ಪಿನ್‌ಗೆ ಉಳಿಯುವುದು 1,450. ನೀರು, ಬಟ್ಟೆ, ಅಕ್ಕಿ ಬೇಳೆ, ಗ್ಯಾಸ್ ಎಲ್ಲ ತುಂಬಿದ ಮೇಲೆ ಕ್ಯಾಂಪರ್ 13,000 ಪೌಂಡ್ ತೂಗುವುದು ಸಹಜ; ಒಂದು ಗ್ಯಾಲನ್ ನೀರೇ 8.34 ಪೌಂಡ್, 60 ಗ್ಯಾಲನ್ ತೊಟ್ಟಿ ತುಂಬಿದರೆ 500 ಪೌಂಡ್. 13,000ದ ಶೇಕಡಾ 20 ಎಂದರೆ 2,600. ಅಂದರೆ ಅಪ್ಪ, ಅಮ್ಮ ಹತ್ತುವ ಮೊದಲೇ ನೀವು 1,150 ಪೌಂಡ್ ಮಿತಿ ಮೀರಿರುತ್ತೀರಿ.

ಧಾರವಾಡದವ, ನ್ಯಾಶ್‌ವಿಲ್

ಡೆನ್ವರ್‌ನ ಹಿರಿಯರ ಲೆಕ್ಕ ಸರಿಯಾಗಿದೆ, ಆದರೆ ಒಂದು ಮಾತನ್ನು ಹೇಳಲೇಬೇಕು. ನಾನು ಮೂರು ವರ್ಷ ಮುಕ್ಕಾಲು ಟನ್ ಡೀಸೆಲ್‌ನಲ್ಲಿ 12,000 ಪೌಂಡಿನ ಫಿಫ್ತ್ ವೀಲ್ ಎಳೆದಿದ್ದೇನೆ. ಹಿಂಭಾಗ ಕುಸಿಯದಂತೆ ಗಾಳಿಚೀಲ ಹಾಕಿಸಿದ್ದೆ. ಟ್ರಕ್ ಮಟ್ಟವಾಗಿ ನಿಂತಿತ್ತು, ಒಂದು ದಿನವೂ ತೊಂದರೆಯಾಗಲಿಲ್ಲ. ಅನೇಕ ಮುಕ್ಕಾಲು ಟನ್ ಮತ್ತು ಒಂದು ಟನ್ ಟ್ರಕ್ಕುಗಳ ನಡುವೆ ಸ್ಪ್ರಿಂಗ್ ಬಿಟ್ಟರೆ ಹೆಚ್ಚಿನ ವ್ಯತ್ಯಾಸವಿಲ್ಲ ಎಂದೂ ಕೇಳಿದ್ದೇನೆ. ಚೀಟಿಯ ಸಂಖ್ಯೆಯನ್ನೇ ಅಂತಿಮವೆಂದು ಹಿಡಿಯಬೇಕೇ?

ಮಂಡ್ಯದವ, ಡೆನ್ವರ್

ಧಾರವಾಡದವರೇ, ನಿಮ್ಮ ಅನುಭವವನ್ನು ಅಲ್ಲಗಳೆಯುವುದಿಲ್ಲ. ಗಾಳಿಚೀಲ ಟ್ರಕ್ಕಿನ ಹಿಂಭಾಗವನ್ನು ಮೇಲೆತ್ತುತ್ತದೆ, ಸವಾರಿ ಹಿತವಾಗುತ್ತದೆ. ಆದರೆ ಅದು ಆಕ್ಸಲ್‌ನ ಮಿತಿಯನ್ನಾಗಲಿ, ಟಯರ್‌ನ ಮಿತಿಯನ್ನಾಗಲಿ, ಬ್ರೇಕಿನ ಸಾಮರ್ಥ್ಯವನ್ನಾಗಲಿ ಒಂದು ಪೌಂಡ್‌ನಷ್ಟೂ ಹೆಚ್ಚಿಸುವುದಿಲ್ಲ. ಕುಸಿತ ಕಾಣದಂತೆ ಮಾಡುತ್ತದೆ, ಭಾರ ಅಲ್ಲೇ ಇರುತ್ತದೆ. ಎರಡು ದರ್ಜೆಗಳ ಟ್ರಕ್ಕುಗಳಲ್ಲಿ ಬಿಡಿಭಾಗಗಳು ಎಷ್ಟು ಸಮಾನ ಎಂಬುದು ಮಾದರಿಯಿಂದ ಮಾದರಿಗೆ, ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಅದನ್ನು ನಂಬಿ ಆರು ಜನರನ್ನು ಕೂರಿಸಿಕೊಂಡು ಬೆಟ್ಟ ಇಳಿಯಿರಿ ಎಂದು ನಾನು ಯಾರಿಗೂ ಹೇಳಲಾರೆ.

ಎಳೆಯುವ ಸಂಖ್ಯೆ ಹೇಗೆ ಹುಟ್ಟುತ್ತದೆ ಎಂಬುದನ್ನೂ ಹೇಳಿಬಿಡುತ್ತೇನೆ. ಇಂದಿನ ಪಿಕಪ್‌ಗಳನ್ನು ಎಸ್‌ಎಇ ಜೆ2807 ಎಂಬ ಮಾನದಂಡದಂತೆ ಅಳೆಯುತ್ತಾರೆ. ಅರಿಜೋನಾದ ಬುಲ್‌ಹೆಡ್ ಸಿಟಿಯಿಂದ ಮೇಲೇರುವ, ಡೇವಿಸ್ ಡ್ಯಾಮ್ ಏರು ಎಂದು ಹೆಸರಾದ 11.4 ಮೈಲಿಯ ದಾರಿಯನ್ನು ಬಿರುಬಿಸಿಲಿನಲ್ಲಿ ಎಸಿ ಹಾಕಿಕೊಂಡೇ ನಿಗದಿತ ವೇಗಕ್ಕಿಂತ ಕಡಿಮೆಯಾಗದಂತೆ ಏರಬೇಕು. ಕಠಿಣ ಪರೀಕ್ಷೆಯೇ ಸರಿ. ಆದರೆ ಅದರಲ್ಲಿ ಟ್ರಕ್ಕಿನೊಳಗೆ ಲೆಕ್ಕ ಹಿಡಿಯುವುದು ತಲಾ 150 ಪೌಂಡಿನ ಇಬ್ಬರನ್ನು ಮಾತ್ರ. ನಿಮ್ಮ ಮಕ್ಕಳು, ಹಿರಿಯರು, ಅಕ್ಕಿ ಮೂಟೆ ಆ ಲೆಕ್ಕದಲ್ಲಿಲ್ಲ.

ಶಿರಸಿಯವಳು, ಸ್ಯಾಕ್ರಮೆಂಟೊ

ನಾನು ಏಳು ವರ್ಷಗಳಿಂದ ನಮ್ಮ ಫಿಫ್ತ್ ವೀಲನ್ನು ನಾನೇ ಓಡಿಸುತ್ತಿದ್ದೇನೆ, ನಮ್ಮವರು ಹಿಂದೆ ನಿಂತು ದಾರಿ ತೋರಿಸುತ್ತಾರೆ. ತೂಕದ ವಿಷಯದಲ್ಲಿ ಡೆನ್ವರ್‌ನವರ ಮಾತಿಗೆ ನನ್ನ ಪೂರ್ಣ ಸಹಮತವಿದೆ. ನಾನು ಪರವಾನಗಿ ಮತ್ತು ಹಿಚ್ ಕುರಿತು ಬರೆಯುತ್ತೇನೆ.

ಟೆಕ್ಸಸ್‌ನಲ್ಲಿ ಟ್ರಕ್ ಮತ್ತು ಟ್ರೇಲರ್‌ಗಳ ನಿಗದಿತ ಗರಿಷ್ಠ ತೂಕ ಸೇರಿ 26,001 ಪೌಂಡ್ ಅಥವಾ ಹೆಚ್ಚಾಗಿ, ಟ್ರೇಲರ್ ಒಂದೇ 10,000 ಮೀರಿದ್ದರೆ ಸ್ವಂತ ಬಳಕೆಗೂ ಎ ದರ್ಜೆಯ ಪರವಾನಗಿ ಬೇಕು. ನಿಮ್ಮ ಈಗಿನ ಟ್ರಕ್ಕಿಗೆ 10,000, ಕ್ಯಾಂಪರ್‌ಗೆ 13,995. ಸಾಮಾನ್ಯ ಪರವಾನಗಿ ಸಾಕು. ಆದರೆ ಹೊರುವ ಶಕ್ತಿಗಾಗಿ ಹಿಂದೆ ನಾಲ್ಕು ಚಕ್ರಗಳಿರುವ, 14,000 ಮಿತಿಯ ಡ್ಯುಯಲಿ ಕೊಂಡರೆ ಮೊತ್ತ 27,995 ಆಗುತ್ತದೆ, ಪರೀಕ್ಷೆಗೆ ಕೂರಬೇಕಾಗುತ್ತದೆ. ಹಿಂದೆ ಎರಡೇ ಚಕ್ರಗಳಿರುವ ಒಂದು ಟನ್ ಟ್ರಕ್ಕುಗಳಲ್ಲಿ 12,000ದ ಒಳಗಿನವು ಸಿಗುತ್ತವೆ. ಅವುಗಳಿಂದ 26,000ದೊಳಗೇ ಉಳಿಯಬಹುದು. ನಮ್ಮ ಕ್ಯಾಲಿಫೋರ್ನಿಯಾದಲ್ಲಿ ಲೆಕ್ಕ ಬೇರೆ: 10,000 ಮೀರಿ 15,000ದವರೆಗಿನ ಫಿಫ್ತ್ ವೀಲ್‌ಗೆ ಸಾಮಾನ್ಯ ಪರವಾನಗಿಯ ಮೇಲೆ ಒಂದು ಹೆಚ್ಚುವರಿ ಅನುಮೋದನೆ, ಅದಕ್ಕೂ ಮೇಲೆ ಹೋದರೆ ಎ ದರ್ಜೆ. ಟ್ರೇಲರ್ ಎಳೆಯುವ ಯಾವ ವಾಹನವೂ ಇಲ್ಲಿ ಗಂಟೆಗೆ 55 ಮೈಲಿ ಮೀರುವಂತಿಲ್ಲ, ಇದನ್ನು ಹೊರರಾಜ್ಯದವರು ಮರೆಯುತ್ತಾರೆ.

ಆರೂವರೆ ಅಡಿಯ ಬೆಡ್‌ನ ತೊಂದರೆಯನ್ನು ನಿಮಗೆ ಯಾರೂ ಹೇಳಿದಂತಿಲ್ಲ. ಚಿಕ್ಕ ಬೆಡ್‌ನಲ್ಲಿ ಪಿನ್ ಕ್ಯಾಬಿನ್‌ಗೆ ಹತ್ತಿರವಿರುತ್ತದೆ. ಪೆಟ್ರೋಲ್ ಬಂಕಿನಲ್ಲೋ ಕ್ಯಾಂಪಿನ ಒಳದಾರಿಯಲ್ಲೋ ಗಟ್ಟಿಯಾಗಿ ತಿರುಗಿಸಿದಾಗ ಕ್ಯಾಂಪರ್‌ನ ಮೂತಿ ಬಂದು ಟ್ರಕ್ಕಿನ ಹಿಂದಿನ ಗಾಜನ್ನು ಒಡೆಯಬಹುದು. ಹಿಂದಕ್ಕೆ ಜಾರುವ ಸ್ಲೈಡರ್ ಹಿಚ್ ಸಿಗುತ್ತದೆ, ಆದರೆ ಅದು ಇನ್ನಷ್ಟು ಭಾರ, ಆ ಭಾರವೂ ಹಳದಿ ಚೀಟಿಯ ಲೆಕ್ಕಕ್ಕೇ ಸೇರುತ್ತದೆ. ಎಂಟು ಅಡಿಯ ಬೆಡ್ ಇದ್ದರೆ ಈ ಚಿಂತೆ ಬಹುಮಟ್ಟಿಗೆ ತಪ್ಪುತ್ತದೆ.

ಈಗ ನನ್ನದೇ ತಪ್ಪೊಂದನ್ನು ಹೇಳುತ್ತೇನೆ, ಬೇರೆ ಯಾರಿಗೂ ಆಗದಿರಲಿ ಎಂದು. ಎರಡನೆಯ ವರ್ಷ, ಕಡಲತೀರದ ಒಂದು ಕ್ಯಾಂಪ್‌ನಿಂದ ಮುಂಜಾನೆ ಹೊರಡುವ ಅವಸರ. ಟ್ರಕ್ಕನ್ನು ಹಿಂದಕ್ಕೆ ತಂದೆ, ಠಣ್ ಎಂಬ ಸದ್ದು ಕೇಳಿತು, ಹಿಚ್‌ನ ಹಿಡಿ ಮುಚ್ಚಿದಂತೆ ಕಂಡಿತು. ಕ್ಯಾಂಪರ್ ಅರ್ಧ ಇಂಚು ಎತ್ತರದಲ್ಲಿತ್ತು, ಆದ್ದರಿಂದ ಪಿನ್ ಹಿಚ್‌ನ ದವಡೆಗಳ ನಡುವೆ ಇಳಿಯದೆ ಅವುಗಳ ಮೇಲೆಯೇ ಕುಳಿತಿತ್ತು. ಕ್ಯಾಂಪರ್‌ನ ಮುಂದಿನ ಆಸರೆ ಕಾಲುಗಳನ್ನು ಮೇಲೆತ್ತಿ ನಾಲ್ಕು ಅಡಿ ಮುಂದೆ ಹೋದದ್ದೇ ತಡ, ಕ್ಯಾಂಪರ್ ಜಾರಿ ಬೆಡ್‌ನ ಎರಡೂ ಅಂಚುಗಳ ಮೇಲೆ ಬಿತ್ತು. ತಗಡು ಕಾಗದದಂತೆ ಮಡಚಿಕೊಂಡಿತು. ಟೇಲ್‌ಗೇಟ್ ಮುರಿಯಿತು. ಕ್ಯಾಂಪ್‌ನ ಅಂಗಳದಲ್ಲೇ ಆಯಿತು, ಹೆದ್ದಾರಿಯಲ್ಲಾಗಲಿಲ್ಲ ಎಂಬುದೊಂದೇ ಸಮಾಧಾನ.

ಅಂದಿನಿಂದ ನನ್ನ ಕ್ರಮ ಇದು. ಕ್ಯಾಂಪರ್‌ನ ಪಿನ್ ಫಲಕ ಹಿಚ್‌ಗಿಂತ ಒಂದು ಕೂದಲೆಳೆ ತಗ್ಗಾಗಿರಬೇಕು. ಟ್ರಕ್ ಹಿಂದೆ ಬರುವಾಗ ಕ್ಯಾಂಪರ್‌ನ ಮೂತಿ ತುಸು ಮೇಲೇಳುವುದು ಕಣ್ಣಿಗೆ ಕಾಣಬೇಕು. ನಂತರ ಕೆಳಗಿಳಿದು ಟಾರ್ಚ್ ಹಿಡಿದು ಬಗ್ಗಿ, ದವಡೆಗಳು ಪಿನ್‌ನ ಸುತ್ತ ಮುಚ್ಚಿವೆಯೇ, ಎರಡು ಫಲಕಗಳ ನಡುವೆ ಬೆಳಕು ತೂರುತ್ತದೆಯೇ ಎಂದು ನೋಡುತ್ತೇನೆ. ಬೆಳಕು ಕಂಡರೆ ಮತ್ತೆ ಮೊದಲಿನಿಂದ. ಆಮೇಲೆ ಏಳು ಕಡ್ಡಿಯ ವಿದ್ಯುತ್ ಪ್ಲಗ್, ಕ್ಯಾಂಪರ್ ಕಳಚಿಕೊಂಡರೆ ಅದರ ಬ್ರೇಕ್ ಹಾಕಿಸುವ ಬ್ರೇಕ್‌ಅವೇ ತಂತಿ ಸಿಕ್ಕಿಸುತ್ತೇನೆ. ಚಕ್ರಗಳಿಗೆ ಅಡೆ ಕೊಟ್ಟೇ ಇಟ್ಟು, ಕಾಲುಗಳನ್ನು ನೆಲದಿಂದ ಒಂದೆರಡು ಇಂಚು ಮಾತ್ರ ಎತ್ತಿ, ಚಾಲಕನ ಕೈಗೆಟುಕುವ ಬ್ರೇಕ್ ಕಂಟ್ರೋಲರ್‌ನ ಹಿಡಿಯಿಂದ ಕ್ಯಾಂಪರ್ ಬ್ರೇಕನ್ನು ಅಮುಕಿ ಹಿಡಿದು ಟ್ರಕ್ಕನ್ನು ಮೆಲ್ಲಗೆ ಮುಂದಕ್ಕೆ ಜಗ್ಗುತ್ತೇನೆ. ಕ್ಯಾಂಪರ್ ಕೈಬಿಡುವುದಿದ್ದರೆ ಅಲ್ಲೇ ಬಿಡುತ್ತದೆ, ಕೆಳಗೆ ಕಾಲುಗಳಿರುತ್ತವೆ. ಇದು ನಡೆಯುವಾಗ ಮನೆಯವರು ಯಾರೂ ನನ್ನನ್ನು ಮಾತನಾಡಿಸುವುದಿಲ್ಲ, ಅದು ನಮ್ಮಲ್ಲಿನ ಕಟ್ಟುನಿಟ್ಟು.

ಹಾಸನದವ, ಡಲ್ಲಾಸ್

ಅಕ್ಕಾ, ಇಷ್ಟು ವಿವರವಾಗಿ ಬರೆದಿದ್ದಕ್ಕೆ ಹೇಗೆ ಧನ್ಯವಾದ ಹೇಳಲಿ? ಮಂಡ್ಯದ ಅಣ್ಣನವರ ಲೆಕ್ಕವನ್ನು ಕಾಗದದ ಮೇಲೆ ನಂಬಿದರೂ ಕಣ್ಣಾರೆ ನೋಡೋಣವೆಂದು ಶನಿವಾರ ಮನೆಯವರೆಲ್ಲರೂ ಟ್ರಕ್ಕಿನಲ್ಲಿ ಕುಳಿತು ಹೆದ್ದಾರಿಯ ಬದಿಯಲ್ಲಿ ಲಾರಿಗಳನ್ನು ತೂಗುವ ಕ್ಯಾಟ್ ಎಂಬ ಹೆಸರಿನ ವೇಬ್ರಿಡ್ಜ್‌ಗೆ ಹೋಗಿದ್ದೆವು. ಮುಂದಿನ ಆಕ್ಸಲ್ 4,830, ಹಿಂದಿನದು 3,720, ಒಟ್ಟು 8,550. ನನ್ನ ಹಿಂದಿನ ಆಕ್ಸಲ್‌ನ ಮಿತಿ 6,200. ಅದರ ಮೇಲೆ 2,600 ಕೂತರೆ 6,320 ಆಗುತ್ತದೆ. ಅಂದರೆ ಒಟ್ಟು ತೂಕವಷ್ಟೇ ಅಲ್ಲ, ಆಕ್ಸಲ್‌ನ ಮಿತಿಯೂ ಮೀರುತ್ತದೆ. ತೂಕದ ಚೀಟಿಯನ್ನು ಕ್ಯಾಂಪರ್ ಮಾರುವವರಿಗೆ ತೋರಿಸಿದೆ. ಎಲ್ಲರೂ ಹೀಗೇ ಎಳೆಯುತ್ತಾರೆ ಎಂಬುದಷ್ಟೇ ಅವರ ಉತ್ತರ. ಮುಂಗಡ ಕೊಡದೆ ಬಂದೆ.

ಈಗ ಎರಡು ದಾರಿಗಳಿವೆ: ಚಿಕ್ಕ ಕ್ಯಾಂಪರ್, ಇಲ್ಲವೇ ಬೇರೆ ಟ್ರಕ್. ಆರು ಜನಕ್ಕೆ ಚಿಕ್ಕದು ಸಾಲುವುದಿಲ್ಲ. ನಿರ್ಧರಿಸುವ ಮೊದಲು, ಬೆಟ್ಟದ ದಾರಿಯ ಬಗ್ಗೆ ಡೆನ್ವರ್‌ನವರು ಹೇಳಬೇಕು. ನಾನು ಟೆಕ್ಸಸ್‌ನ ಬಯಲಿನಲ್ಲಿ ಓಡಿಸಿದವನು.

ಮಂಡ್ಯದವ, ಡೆನ್ವರ್

ಏರು ಭಯಪಡಿಸುತ್ತದೆ, ಅಪಾಯವಿರುವುದು ಇಳಿಜಾರಿನಲ್ಲಿ. ಏರಿನಲ್ಲಿ ಸೋತರೆ ನಿಧಾನವಾಗುತ್ತೀರಿ, ಅಷ್ಟೇ.

ಐ-70 ಹೆದ್ದಾರಿಯಲ್ಲಿ ಡೆನ್ವರ್‌ನಿಂದ ಪಶ್ಚಿಮಕ್ಕೆ ಹೋಗುವಾಗ ಐಸೆನ್‌ಹೋವರ್ ಸುರಂಗ ಸಿಗುತ್ತದೆ. 1973ರಲ್ಲಿ ತೆರೆದದ್ದು, 11,000 ಅಡಿಗೂ ಹೆಚ್ಚು ಎತ್ತರದಲ್ಲಿದೆ, ಸುಮಾರು 1.7 ಮೈಲಿ ಉದ್ದ. ಅದರಿಂದ ಹೊರಬಿದ್ದ ಕೂಡಲೇ ಸಿಲ್ವರ್‌ಥಾರ್ನ್ ಊರಿನವರೆಗೆ ಇಳಿಜಾರು, 2,000 ಅಡಿಗೂ ಹೆಚ್ಚು ಕೆಳಕ್ಕೆ. ಬ್ರೇಕ್ ಸೋತ ಲಾರಿಗಳಿಗಾಗಿ ಬದಿಯಲ್ಲಿ ಜಲ್ಲಿ ತುಂಬಿದ ಏರುದಾರಿಗಳನ್ನು ಕಟ್ಟಿದ್ದಾರೆ ಎಂದರೆ ಅರ್ಥವಾಗುತ್ತದೆ.

ನಾನು ಮೊದಲ ಸಲ ಅಲ್ಲಿ ಇಳಿದದ್ದು ಪೆಟ್ರೋಲ್ ಟ್ರಕ್ಕಿನಲ್ಲಿ, ಮಿತಿಗಿಂತ ಹೆಚ್ಚಿನ ಭಾರ ಹೇರಿಕೊಂಡು, ಕಂಟ್ರೋಲರ್‌ನ ಬಲವನ್ನು ಸರಿಯಾಗಿ ಹೊಂದಿಸದೆ. ಸುರಂಗದಿಂದ ಹೊರಬಂದಾಗ ವೇಗ 60 ಇತ್ತು. ಪೆಡಲ್ ಒತ್ತಿದೆ, ಇಳಿಯಿತು, ಬಿಟ್ಟೆ, ಏರಿತು, ಮತ್ತೆ ಒತ್ತಿದೆ. ನಾಲ್ಕನೆಯ ಮೈಲಿಗೆ ಸುಟ್ಟ ವಾಸನೆ ಕಿಟಕಿಯೊಳಗೆ ಬಂತು. ಐದನೆಯದರಲ್ಲಿ ಪೆಡಲ್ ಮೊದಲಿನಷ್ಟು ಗಟ್ಟಿ ಇರಲಿಲ್ಲ, ಒದ್ದೆ ಸ್ಪಂಜನ್ನು ತುಳಿದಂತಾಯಿತು. ನನ್ನ ಹೆಂಡತಿ ಒಂದು ಮಾತೂ ಆಡದೆ ಮುಂದಿನ ಹಲಗೆಯನ್ನು ಎರಡೂ ಕೈಗಳಿಂದ ಹಿಡಿದಿದ್ದಳು. ಕೆಳಗೆ ನಿಲ್ಲಿಸಿದಾಗ ಟ್ರಕ್ಕಿನ ಮುಂದಿನ ಚಕ್ರಗಳಿಂದ ಹೊಗೆ ಬರುತ್ತಿತ್ತು, ಕ್ಯಾಂಪರ್‌ನ ಚಕ್ರಗಳು ತಣ್ಣಗಿದ್ದವು. ಅಂದರೆ ಕ್ಯಾಂಪರ್ ತನ್ನ ಪಾಲಿನ ಕೆಲಸವನ್ನು ಮಾಡಿಯೇ ಇರಲಿಲ್ಲ, ಇಡೀ ಭಾರವನ್ನು ಟ್ರಕ್ಕೊಂದೇ ತಡೆದಿತ್ತು.

ವೇಗ 45ರಿಂದ 65ಕ್ಕೆ ಏರಿದರೆ ಬ್ರೇಕ್ ನುಂಗಬೇಕಾದ ಶಕ್ತಿ ಎರಡು ಪಟ್ಟಾಗುತ್ತದೆ. ಆದ್ದರಿಂದ ನಿಧಾನವಾಗುವುದು ಇಳಿಯುವ ಮೊದಲೇ ನಡೆಯಬೇಕು. ಭಾರ ಎಳೆಯುವಾಗಿನ ಗೇರ್ ಕ್ರಮವಾದ ಟೋ-ಹಾಲ್ ಮೋಡ್ ಹಾಕಿ, ಡೀಸೆಲ್ ಆದರೆ ಹೊಗೆಯನ್ನು ತಡೆದು ವೇಗ ತಗ್ಗಿಸುವ ಎಕ್ಸಾಸ್ಟ್ ಬ್ರೇಕ್ ಚಾಲೂ ಮಾಡಿ, ಕೆಳಗಿನ ಗೇರ್‌ಗೆ ತಂದು ಎಂಜಿನ್ನೇ ತಡೆಯುವಂತೆ ನೋಡಿಕೊಳ್ಳಿ. ಬ್ರೇಕನ್ನು ಉದ್ದಕ್ಕೂ ಮೆಲ್ಲಗೆ ಒತ್ತಿಕೊಂಡೇ ಇರಬೇಡಿ. ವೇಗ ಹೆಚ್ಚಿದಾಗ ಗಟ್ಟಿಯಾಗಿ ಒತ್ತಿ ವೇಗವನ್ನು ಗಂಟೆಗೆ ಐದಾರು ಮೈಲಿಯಷ್ಟು ತಗ್ಗಿಸಿ ಪೂರ್ತಿ ಬಿಡಿ, ತಣಿಯಲು ಸಮಯ ಕೊಡಿ. ಕಂಟ್ರೋಲರ್‌ನ ಬಲವನ್ನು ಹೊರಡುವ ಮೊದಲು ಖಾಲಿ ಮೈದಾನದಲ್ಲಿ ಹೊಂದಿಸಿ: 25 ಮೈಲಿ ವೇಗದಲ್ಲಿ ಹಿಡಿಯನ್ನು ಪೂರ್ತಿ ಅಮುಕಿದಾಗ ಕ್ಯಾಂಪರ್ ಟ್ರಕ್ಕನ್ನು ಸ್ಪಷ್ಟವಾಗಿ ಹಿಂದಕ್ಕೆ ಹಿಡಿಯಬೇಕು, ಆದರೆ ಅದರ ಚಕ್ರಗಳು ಬಿಗಿದು ಜಾರಬಾರದು.

ಎತ್ತರದ ಬಗ್ಗೆಯೂ ಒಂದು ಮಾತು. ಇಂತಹ ಕ್ಯಾಂಪರ್‌ಗಳು ಮೇಲಿನ ಎಸಿ ಸೇರಿ 13 ಅಡಿಯ ಆಸುಪಾಸಿನಲ್ಲಿರುತ್ತವೆ. ನಿಮ್ಮದನ್ನು ಹಿಚ್ ಮಾಡಿದ ಮೇಲೆ ಟೇಪಿನಿಂದ ಅಳೆದು, ಆ ಸಂಖ್ಯೆಯನ್ನು ಸ್ಟಿಯರಿಂಗ್ ಎದುರು ಅಂಟಿಸಿಕೊಳ್ಳಿ. ವಯೋಮಿಂಗ್‌ನಿಂದ ಮುಂದೆ ಗ್ಲೇಸಿಯರ್ ಉದ್ಯಾನಕ್ಕೆ ಹೋಗುವ ಮನಸ್ಸಾದರೆ, ಅಲ್ಲಿನ ಗೋಯಿಂಗ್-ಟು-ದ-ಸನ್ ರಸ್ತೆಯ ಬೆಟ್ಟದ ಭಾಗದಲ್ಲಿ 21 ಅಡಿ ಉದ್ದ ಅಥವಾ 8 ಅಡಿ ಅಗಲ ಮೀರಿದ ವಾಹನವನ್ನು ಬಿಡುವುದಿಲ್ಲ, 10 ಅಡಿಗಿಂತ ಎತ್ತರದವಕ್ಕೆ ಮೇಲೆ ಚಾಚಿದ ಬಂಡೆಗಳಿಂದ ತೊಂದರೆಯಾಗಬಹುದು. ಕ್ಯಾಂಪರ್ ಇರಲಿ, ಉದ್ದ ಬೆಡ್‌ನ ಕೆಲವು ಟ್ರಕ್ಕುಗಳೇ ಅದಕ್ಕಿಂತ ಉದ್ದ.

ಧಾರವಾಡದವ, ನ್ಯಾಶ್‌ವಿಲ್

ಇದನ್ನೆಲ್ಲ ಓದಿದ ಮೇಲೆ ನಾನೂ ವೇಬ್ರಿಡ್ಜ್‌ಗೆ ಹೋಗಿ ಬಂದೆ. ಮೂರು ವರ್ಷಗಳಲ್ಲಿ ಮೊದಲ ಸಲ. ನನ್ನ ಟ್ರಕ್ 640 ಪೌಂಡ್ ಮಿತಿ ಮೀರಿದೆ. ತೊಂದರೆಯಾಗಲಿಲ್ಲ ಎಂದು ಬರೆದಿದ್ದ ನನ್ನ ಮಾತನ್ನು ಯಾರೂ ಆಧಾರವಾಗಿ ಹಿಡಿಯಬೇಡಿ ಎಂದು ಕೇಳಿಕೊಳ್ಳುತ್ತೇನೆ.

ಟಯರ್ ಬಗ್ಗೆ ಮಾತ್ರ ನನಗೆ ಚೆನ್ನಾಗಿ ಗೊತ್ತಿರುವುದನ್ನು ಹೇಳುತ್ತೇನೆ. ಟಯರ್‌ನ ಬದಿಯಲ್ಲಿ ಡಾಟ್ (DOT) ಎಂಬ ಸಂಕೇತದ ಕೊನೆಯ ನಾಲ್ಕು ಅಂಕಿಗಳನ್ನು ನೋಡಿ. 2319 ಎಂದಿದ್ದರೆ 2019ರ 23ನೆಯ ವಾರ ತಯಾರಾದದ್ದು. ಕ್ಯಾಂಪರ್ ಟಯರ್‌ಗಳು ಸವೆದು ಹಾಳಾಗುವುದಕ್ಕಿಂತ ನಿಂತಲ್ಲೇ ಮುಪ್ಪಾಗಿ ಹಾಳಾಗುವುದೇ ಹೆಚ್ಚು. ಐದಾರು ವರ್ಷ ದಾಟಿದ್ದರೆ ಕಚ್ಚು ಆಳವಾಗಿ ಕಂಡರೂ ಬದಲಿಸಿ. ಗಾಳಿಯನ್ನು ಬೆಳಗ್ಗೆ, ಟಯರ್ ತಣ್ಣಗಿರುವಾಗ ನೋಡಬೇಕು. ಅನೇಕ ಟ್ರೇಲರ್ ಟಯರ್‌ಗಳ ವೇಗದ ಮಿತಿ 65 ಮೈಲಿ ಎಂಬುದನ್ನೂ ಓದಿಕೊಳ್ಳಿ. ಹೊಸ ಚಕ್ರ ಹಾಕಿದ ಮೇಲೆ ಮೊದಲ 50ರಿಂದ 100 ಮೈಲಿಯೊಳಗೆ ನಟ್ಟುಗಳನ್ನು ಟಾರ್ಕ್ ಪಾನಾದಿಂದ ಮತ್ತೆ ಬಿಗಿ ಮಾಡಿ.

ಹಾಸನದವ, ಡಲ್ಲಾಸ್

ಎರಡು ತಿಂಗಳ ನಂತರ ಬರೆಯುತ್ತಿದ್ದೇನೆ. ಹಳೆಯ ಟ್ರಕ್ಕನ್ನು ಕೊಟ್ಟು, ಹಿಂದೆ ಎರಡೇ ಚಕ್ರಗಳಿರುವ, ಎಂಟು ಅಡಿ ಬೆಡ್‌ನ, ಮುಂದೆ ಮೂವರು ಕೂರುವ ಸೀಟಿರುವ ಒಂದು ಟನ್ ಟ್ರಕ್ ಕೊಂಡೆವು. ಹಳದಿ ಚೀಟಿಯಲ್ಲಿ 4,010, ಒಟ್ಟು ಮಿತಿ 11,900. ಕ್ಯಾಂಪರ್‌ನ 13,995 ಸೇರಿ 25,895, ಹಾಗಾಗಿ ಪರವಾನಗಿ ಬದಲಿಸಬೇಕಾಗಲಿಲ್ಲ. ಕ್ಯಾಂಪರ್ ಅದೇ ಮಾದರಿಯದು, ಬೇರೆ ಕಡೆಯಿಂದ ಕೊಂಡದ್ದು.

ನಿನ್ನೆ ಎಲ್ಲ ತುಂಬಿಕೊಂಡು ತೂಗಿದೆವು. ನಾವು ನಾಲ್ವರಿದ್ದಾಗ ಟ್ರಕ್ ಒಂದೇ 8,680. ಕ್ಯಾಂಪರ್ ಸೇರಿದ ಮೇಲೆ ಮುಂದಿನ ಆಕ್ಸಲ್ 4,860, ಹಿಂದಿನದು 6,360, ಕ್ಯಾಂಪರ್‌ನ ಆಕ್ಸಲ್‌ಗಳು 9,980. ಪಿನ್ ಮೇಲಿನ ಭಾರ 2,540, ಕ್ಯಾಂಪರ್‌ನ ಒಟ್ಟು ತೂಕ 12,520, ಅಂದರೆ ಶೇಕಡಾ 20ಕ್ಕಿಂತ ತುಸು ಹೆಚ್ಚು. ಟ್ರಕ್ಕಿನಲ್ಲಿ ಇನ್ನೂ 680 ಪೌಂಡ್ ಮಿಕ್ಕಿದೆ, ಅಪ್ಪ ಅಮ್ಮ ಇಬ್ಬರೂ ಸೇರಿ 300. ಅವರ ಸಾಮಾನಿಗೂ ಜಾಗ ಉಳಿಯುತ್ತದೆ.

ಅಕ್ಕ ಹೇಳಿದಂತೆ ಟಾರ್ಚ್ ಹಿಡಿದು ಬಗ್ಗಿ ನೋಡುವ ಕೆಲಸವನ್ನು ದೊಡ್ಡ ಮಗಳು ವಹಿಸಿಕೊಂಡಿದ್ದಾಳೆ. ಅವಳು "ಬೆಳಕಿಲ್ಲ" ಎಂದ ಮೇಲೆಯೇ ನಾನು ಹಿಡಿ ಮುಟ್ಟುತ್ತೇನೆ. ಭಾನುವಾರ ಬೆಳಗ್ಗೆ ಖಾಲಿ ಮೈದಾನವೊಂದರಲ್ಲಿ ಹಿಂದಕ್ಕೆ ತೆಗೆಯುವುದನ್ನು ಕಲಿಯುತ್ತಿದ್ದೇನೆ. ಸ್ಟಿಯರಿಂಗ್‌ನ ಕೆಳಭಾಗವನ್ನು ಹಿಡಿದು, ಕ್ಯಾಂಪರ್‌ನ ಹಿಂಭಾಗ ಎತ್ತ ಹೋಗಬೇಕೋ ಕೈಯನ್ನು ಅತ್ತ ಸರಿಸಿದರೆ ಗೊಂದಲ ಕಡಿಮೆಯಾಗುತ್ತದೆ. ಆದರೆ ಎಡಕ್ಕೆ ಸಲೀಸಾಗಿ ಬರುವ ಕ್ಯಾಂಪರ್ ಬಲಕ್ಕೆ ತಿರುಗುವಾಗ ಕನ್ನಡಿಯಿಂದ ಪೂರ್ತಿ ಮರೆಯಾಗುತ್ತದೆ. ಅಕ್ಕಾ, ನೀವು ಬಲಗಡೆಯ ಜಾಗಕ್ಕೆ ಹೇಗೆ ಸೇರಿಸುತ್ತೀರಿ?

ಶಿರಸಿಯವಳು, ಸ್ಯಾಕ್ರಮೆಂಟೊ

ಸಾಧ್ಯವಿದ್ದಲ್ಲೆಲ್ಲ ಸುತ್ತಿ ಬಂದು ಎಡಗಡೆಯಿಂದಲೇ ಸೇರಿಸುತ್ತೇನೆ, ಅದಕ್ಕಾಗಿ ಇಡೀ ಕ್ಯಾಂಪನ್ನು ಒಂದು ಸುತ್ತು ಹಾಕಿದ್ದೂ ಇದೆ. ಬೇರೆ ದಾರಿಯಿಲ್ಲದಿದ್ದರೆ ಒಬ್ಬರು ಬಲ ಹಿಂಬದಿಯ ಮೂಲೆಯಲ್ಲಿ, ನಿಮ್ಮ ಬಲಗನ್ನಡಿಯಲ್ಲಿ ಕಾಣುವಂತೆ ನಿಲ್ಲಲಿ, ಫೋನ್ ಕರೆ ಚಾಲೂ ಇರಲಿ. ಅವರು ಕನ್ನಡಿಯಲ್ಲಿ ಕಾಣದ ಕ್ಷಣ ಗಾಡಿ ನಿಲ್ಲಬೇಕು. ಸಂಶಯ ಬಂದರೆ ಇಳಿದು ಹೋಗಿ ನೋಡಿ. ನಾನು ಈಗಲೂ ಒಂದು ಜಾಗಕ್ಕೆ ಮೂರು ಸಲ ಇಳಿಯುತ್ತೇನೆ.